ತುಂಬಿದ ತೊಟ್ಟಿಯ ಪಕ್ಕದಲ್ಲೇ ಸುಟ್ಟುಹೋದ ಮನೆ

ಕಾಡುಕಿಚ್ಚು ತಡೆ ಸಲಕರಣೆಗಳಿಗೆ ಮಾನ್ಯತೆ ನೀಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕನ ಮನೆ ಸುಟ್ಟುಹೋಯಿತು. ಸುಡುವಾಗ ಮನೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಹತ್ತು ಸಾವಿರ ಲೀಟರ್ ನೀರಿತ್ತು. ಪಂಪು ಓಡುತ್ತಿತ್ತು. ಛಾವಣಿಯ ನೆತ್ತಿಯಿಂದ ಸೂರಿನ ಅಂಚಿನವರೆಗೆ ಇಪ್ಪತ್ತೆರಡು ಹಿತ್ತಾಳೆ ಸ್ಪ್ರಿಂಕ್ಲರ್‌ಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಆ ನೀರಿಗೂ ಈ ಮನೆಗೂ ನಡುವೆ ಅಡ್ಡ ನಿಂತದ್ದು ಒಂದೇ ಒಂದು ವಸ್ತು: ನಿಮ್ಮ ಕಚೇರಿಯ ಸೀಸದ ಮುದ್ರೆ. ಈಗ ನಿಮ್ಮ ತನಿಖಾ ವರದಿ ಬಂದಿದೆ. ಅದರ ಏಳನೆಯ ಪುಟದಲ್ಲಿ, 'ಮನೆಯವರು ತಮ್ಮಲ್ಲಿದ್ದ ವ್ಯವಸ್ಥೆಯನ್ನು ಸಕಾಲದಲ್ಲಿ ಬಳಸದೆ ನಿರ್ಲಕ್ಷ್ಯ ವಹಿಸಿರುವುದು ಕಂಡುಬಂದಿದೆ' ಎಂದು ಬರೆದಿದ್ದೀರಿ. ಆ ಸಾಲನ್ನು ತೆಗೆಯಿರಿ ಎಂದು ನಾನು ಖಾಸಗಿಯಾಗಿ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ 'ತಮ್ಮ ಪತ್ರವನ್ನು ಸ್ವೀಕರಿಸಲಾಗಿದೆ' ಎಂಬ ಉತ್ತರ ಬಂತು. ಸ್ವೀಕರಿಸುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಆದ್ದರಿಂದ ಈ ಐದನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಪ್ಲಂಬರ್. ಮೂವತ್ತೊಂದು ವರ್ಷಗಳಿಂದ ಜನರ ಸಿಂಕುಗಳ ಕೆಳಗೆ ತಲೆ ತೂರಿಸಿ ಅನ್ನ ದುಡಿದವನು. ನೀರು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ, ಯಾಕೆ ಹೋಗುವುದಿಲ್ಲ ಎಂಬುದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಅಕ್ಕ ಮತ್ತು ಭಾವನ ಮನೆ ಇದ್ದದ್ದು ನಮ್ಮ ಊರಿನ ಕಟ್ಟಕಡೆಯ ಬೀದಿಯಲ್ಲಿ. ಬೇಲಿ ದಾಟಿದರೆ ಕುರುಚಲು ಕಾಡು, ಅದರಾಚೆ ಗುಡ್ಡ. ಆರು ವರ್ಷಗಳ ಹಿಂದೆ ಪಕ್ಕದ ಗುಡ್ಡದಲ್ಲಿ ಕಾಡುಕಿಚ್ಚು ಎದ್ದಾಗ ನಾನು ಸುಟ್ಟ ಮನೆಗಳನ್ನು ಒಂದೊಂದಾಗಿ ನೋಡಿ ಬಂದೆ. ಅಲ್ಲಿ ನನಗೆ ಅರ್ಥವಾದದ್ದು ಇಷ್ಟೇ: ಹೆಚ್ಚಿನ ಮನೆಗಳನ್ನು ಸುಟ್ಟದ್ದು ಎದೆಯೆತ್ತರದ ಜ್ವಾಲೆಯಲ್ಲ, ಹಾರಿ ಬಂದ ಕಿಡಿ. ಮಳೆನೀರು ಹರಿಯುವ ದೋಣಿಯಲ್ಲಿ ಕೂತ ಒಣಗಿದ ಎಲೆ, ಮೆಟ್ಟಿಲ ಕೆಳಗೆ ಸೇರಿದ ಕಸ, ಅಲ್ಲೊಂದು ಕಿಡಿ ಬಿದ್ದರೆ ಮುಗಿಯಿತು. ಕಿಡಿ ಬರುವ ಮೊದಲೇ ಮನೆ ತೊಯ್ದು ತೊಪ್ಪೆಯಾಗಿದ್ದರೆ ಕಿಡಿ ಚುಸ್ಸೆಂದು ಸಾಯುತ್ತದೆ. ಇದಕ್ಕೆ ದೊಡ್ಡ ವಿಜ್ಞಾನ ಬೇಕಾಗಿಲ್ಲ.

ಹಾಗಾಗಿ ಅಕ್ಕನ ಮನೆಗೆ ನಾನೇ ಕೈಯಾರೆ ಒಂದು ಸ್ಪ್ರಿಂಕ್ಲರ್ ವ್ಯವಸ್ಥೆ ಕಟ್ಟಿದೆ. ಬೇಲಿಯ ಕಂಬಗಳ ಮೇಲೆ ಶಾಖ ಗುರುತಿಸುವ ನಾಲ್ಕು ಸೆನ್ಸರ್. ಬಿಸಿ ಒಂದು ಮಟ್ಟ ಮೀರಿತೆಂದರೆ ಅವು ಬ್ಯಾಟರಿಯ ಮೂಲಕ ಡೀಸೆಲ್ ಪಂಪಿಗೆ ಹೇಳುತ್ತವೆ, ಪಂಪು ತಾನಾಗಿ ಚಾಲೂ ಆಗುತ್ತದೆ, ತೊಟ್ಟಿಯ ನೀರು ಛಾವಣಿಗೆ ಏರುತ್ತದೆ. ಕರೆಂಟ್ ಬೇಡ, ಫೋನ್ ಬೇಡ, ಮನೆಯಲ್ಲಿ ಜನರೂ ಬೇಡ. ಪ್ರತಿ ತಿಂಗಳ ಮೊದಲ ಭಾನುವಾರ ಬೆಂಕಿಪೊಟ್ಟಣ ಹಿಡಿದು ಬೇಲಿಯ ಬಳಿ ಹೋಗಿ ಪರೀಕ್ಷೆ ಮಾಡುತ್ತಿದ್ದೆ. 'ಏನಪ್ಪಾ, ಅಕ್ಕನ ಮನೆಗೆ ಸ್ನಾನ ಮಾಡಿಸೋಕೆ ಬಂದ್ಯಾ?' ಎಂದು ಬೀದಿಯವರು ನಗುತ್ತಿದ್ದರು. ಐದು ವರ್ಷದಲ್ಲಿ ಅದು ಒಂದು ಭಾನುವಾರವೂ ಕೈಕೊಡಲಿಲ್ಲ.

ಆಮೇಲೆ ನಿಮ್ಮ ನಿಯಮ ಬಂತು. ಕಾಡಿನಂಚಿನ ಪ್ರತಿ ಮನೆಗೂ ಸ್ವಯಂಚಾಲಿತ ಸ್ಪ್ರಿಂಕ್ಲರ್ ಕಡ್ಡಾಯ, ಆದರೆ ಮಾನ್ಯತೆ ಪಡೆದದ್ದು ಮಾತ್ರ. ನಾನು ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಕೊನೆಗೂ ಸರ್ಕಾರಕ್ಕೆ ಬುದ್ಧಿ ಬಂತು ಎಂದುಕೊಂಡೆ. ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬುದು ಆಗ ನೆನಪಾಗಲಿಲ್ಲ. ನಿಮ್ಮ ಪರಿವೀಕ್ಷಕರು ಟ್ಯಾಬ್ಲೆಟ್ ಹಿಡಿದು ಬಂದರು. ಸುಮಾರು ಮೂವತ್ತರ ಪ್ರಾಯ, ಮರ್ಯಾದಸ್ಥ ಮನುಷ್ಯ. ಏಣಿ ಹತ್ತಿ ಎಲ್ಲವನ್ನೂ ನೋಡಿದರು, ಪರೀಕ್ಷೆ ಮಾಡಿಸಿದರು, ತೊಯ್ದರು, ನಕ್ಕರು. 'ಸೂಪರ್ ಆಗಿದೆ ಸರ್' ಎಂದರು. ಆಮೇಲೆ ಟ್ಯಾಬ್ಲೆಟ್ ಒರೆಸಿಕೊಂಡು ವರಾಂಡದಲ್ಲಿ ಕೂತರು. ಹದಿನೈದು ನಿಮಿಷ ಕಳೆದರೂ ಮುಖ ಮೇಲೆತ್ತಲಿಲ್ಲ.

'ಏನಾಯ್ತು?' ಎಂದೆ.

'ಶಕ್ತಿಯ ಮೂಲ ಅಂತ ಒಂದು ಕಾಲಂ ಇದೆ ಸರ್. ವಿದ್ಯುತ್, ಸೌರ, ಇತರೆ ಅಂತ ಮೂರೇ ಆಯ್ಕೆ. ಡೀಸೆಲ್ ಇಲ್ಲ.'

'ಇತರೆ ಅಂತ ಒತ್ತಿ.'

'ಒತ್ತಿದೆ ಸರ್. ಒತ್ತಿದ ತಕ್ಷಣ ಅಮಾನ್ಯ ಅಂತ ಬಂದ್ಬಿಡತ್ತೆ. ಅಮಾನ್ಯ ಅಂತ ಬಂದ್ರೆ ಮುದ್ರೆ ಹಾಕ್ಲೇಬೇಕು. ಹಾಕಿ ಫೋಟೋ ಕಳಿಸ್ದೆ ಇದ್ರೆ ಮುಂದಿನ ಮನೆಯ ಫಾರಂ ತೆರೆಯೋದೇ ಇಲ್ಲ.'

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ಗಾದೆಯನ್ನು ಕಟ್ಟಿದವರು ನಿಮ್ಮ ಕಚೇರಿಯ ಯಾವುದೋ ಪೂರ್ವಜರನ್ನು ಕಂಡಿರಬೇಕು. ಪಂಪಿನಿಂದ ಛಾವಣಿಗೆ ಹೋಗುವ ಮುಖ್ಯ ವಾಲ್ವನ್ನು ಮುಚ್ಚಿಸಿ, ಅದರ ಚಕ್ರಕ್ಕೆ ತಂತಿ ಪೋಣಿಸಿ, ಸೀಸದ ಬಿಲ್ಲೆ ಒತ್ತಿದರು. ಮಾನ್ಯತೆ ಪಡೆದ ಯಂತ್ರ 'ಸರದಿಯ ಪ್ರಕಾರ' ಬರುತ್ತದೆ, ಅಲ್ಲಿಯತನಕ ಇದನ್ನು ಮುಟ್ಟುವಂತಿಲ್ಲ ಎಂದರು. ಅಂದರೆ, ಹೊಸ ಕೊಡೆ ಬರುವ ತನಕ ಹಳೆಯ ಕೊಡೆಯನ್ನು ಮಡಚಿಟ್ಟು ನೆನೆಯಿರಿ.

ಇಲ್ಲಿ ನನ್ನ ಅಕ್ಕನ ಬಗ್ಗೆ ನಿಮಗೆ ಹೇಳಲೇಬೇಕು, ಯಾಕೆಂದರೆ ನಿರ್ಲಕ್ಷ್ಯ ಎಂಬ ಪದವನ್ನು ನೀವು ಅಂಟಿಸಿರುವುದು ಅವಳಿಗೆ. ಅವಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅವಳ ಕೆಲಸವೇ ಮುದ್ರೆ ಹಾಕುವುದು. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಹಾಲಿನ ಅಳತೆಪಾತ್ರೆ, ಎಲ್ಲಕ್ಕೂ ಇದೇ ತಂತಿ, ಇದೇ ಸೀಸ. ಮುದ್ರೆ ಮುರಿದಿದ್ದಕ್ಕೆ ಸ್ವಂತ ಸೋದರಮಾವನ ಅಂಗಡಿಯ ಮೇಲೆ ಕೇಸು ಹಾಕಿದವಳು. ಮಾವ ಎರಡು ವರ್ಷ ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ. ಅಂಥವಳ ಕಣ್ಣೆದುರಿಗೆ ನಿಮ್ಮ ಪರಿವೀಕ್ಷಕರು ಮುದ್ರೆಯನ್ನು ಸೊಟ್ಟಗೆ ಹಾಕುತ್ತಿದ್ದರು. ಅಕ್ಕನಿಗೆ ನೋಡಲಾಗಲಿಲ್ಲ.

'ತಂತಿ ಸಡಿಲ ಇದೆ ನೋಡಿ. ಹೀಗೆ ಬಿಟ್ರೆ ಯಾರು ಬೇಕಾದ್ರೂ ಜಾರಿಸಿ ತೆಗೀತಾರೆ. ಎರಡು ಸುತ್ತು ಜಾಸ್ತಿ ಹಾಕಿ, ಎಳೆದು ಬಿಗಿ ಮಾಡಿ, ಆಮೇಲೆ ಒತ್ತಿ.'

ತನ್ನ ಮನೆಯ ನೀರಿಗೆ ಬೀಗ ಹೇಗೆ ಹಾಕಬೇಕೆಂದು ತಾನೇ ನಿಂತು ಕಲಿಸಿಕೊಟ್ಟಳು. ನಾನು ಇಕ್ಕಳ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಹೋದ ಮೇಲೆ, 'ಅಕ್ಕಾ, ಕತ್ತರಿಸಿ ಬಿಡ್ಲಾ?' ಎಂದೆ. 'ಮುದ್ರೆ ಅಂದ್ರೆ ಮುದ್ರೆ. ಬಾಯ್ಮುಚ್ಚು' ಎಂದಳು. ನಾಗರಿಕರು ನಿಯಮ ಪಾಲಿಸುವುದಿಲ್ಲ ಎಂದು ನೀವು ಭಾಷಣಗಳಲ್ಲಿ ಕೊರಗುತ್ತೀರಲ್ಲ, ಪಾಲಿಸಿದವಳೊಬ್ಬಳನ್ನು ನೋಡಿಕೊಳ್ಳಿ.

ಬೆಂಕಿ ಬಂದದ್ದು ಏಳು ವಾರಗಳ ನಂತರ, ಒಂದು ಮಂಗಳವಾರ ಮಧ್ಯಾಹ್ನ. ಗಾಳಿ ಜೋರಾಗಿದೆ, ತಂತಿ ತಾಗಿ ಕಿಡಿ ಹಾರಬಹುದು ಎಂದು ಹನ್ನೆರಡಕ್ಕೇ ಕರೆಂಟ್ ತೆಗೆದಿದ್ದರು; ಅದು ಸರಿಯೇ. ಒಂದೂವರೆಗೆ ಗುಡ್ಡದ ನೆತ್ತಿಯಲ್ಲಿ ಹೊಗೆ ಕಂಡಿತು. ಒಂದು ಮೂವತ್ತೆಂಟಕ್ಕೆ ಹಿತ್ತಲಲ್ಲಿ ಪಂಪು ತಾನಾಗಿ ಗುಡುಗಿತು. ಹೌದು, ಸೆನ್ಸರ್‌ಗಳು ಕೆಲಸ ಮಾಡಿದವು. ಅವಕ್ಕೆ ನಿಮ್ಮ ಮಾನ್ಯತೆಯ ಸುದ್ದಿ ತಲುಪಿರಲಿಲ್ಲ ಪಾಪ. ಮುಚ್ಚಿದ ವಾಲ್ವಿಗೆ ಪಂಪು ನೀರನ್ನು ಒದೆಯುತ್ತಾ ನಿಂತಿತು. ಭಾವ ಗಡಿಯಾರ ರಿಪೇರಿ ಮಾಡುವವರು, ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಣ್ಣಿನ ಭೂತಗನ್ನಡಿ ತೆಗೆದು ಎದ್ದು ಬಂದು, 'ಒಡಿ ಅದನ್ನ!' ಎಂದು ಕೂಗಿದರು. ಅಕ್ಕ ಒಡೆಯಲಿಲ್ಲ. ನಿಮಗೆ ಫೋನ್ ಮಾಡಿದಳು.

ಸ್ವಾಮಿ, ಬೆನ್ನಿಗೆ ಬೆಂಕಿ ಇಟ್ಟುಕೊಂಡು ಒಬ್ಬ ಹೆಂಗಸು ತಮ್ಮನಿಗಲ್ಲ, ಅಗ್ನಿಶಾಮಕದವರಿಗಲ್ಲ, ಮೊದಲು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಳು. ನಿಮ್ಮ ಕಚೇರಿಯ ಇತಿಹಾಸದಲ್ಲಿ ನಿಮ್ಮನ್ನು ಅಷ್ಟು ನಂಬಿದವರು ಇನ್ನೊಬ್ಬರಿರಲಾರರು. ಮುದ್ರೆಗೆ ಸಂಬಂಧಿಸಿದ ವಿಚಾರಕ್ಕೆ ನಾಲ್ಕು ಒತ್ತಿ ಎಂದಿತು, ಒತ್ತಿದಳು. ಎಂಟು ನಿಮಿಷ ಸಂಗೀತ ಕೇಳಿದಳು. ಆಮೇಲೆ ಒಂದು ಹೆಣ್ಣುದನಿ ಬಂತು.

'ಮುದ್ರೆ ತೆಗೆಯೋಕೆ ಲಿಖಿತ ಅರ್ಜಿ ಕೊಡ್ಬೇಕು ಮೇಡಂ. ಏಳು ಕೆಲಸದ ದಿನ ಆಗತ್ತೆ.'

'ಬೆಂಕಿ ಗುಡ್ಡ ಇಳೀತಾ ಇದೆ ಕಣಮ್ಮ.'

'ಹಾಗಿದ್ರೆ ತುರ್ತು ವಿಭಾಗಕ್ಕೆ ಕೊಡ್ತೀನಿ, ಲೈನಲ್ಲಿರಿ.'

ಮತ್ತೆ ಸಂಗೀತ. ಅಕ್ಕ ಫೋನನ್ನು ಊಟದ ಮೇಜಿನ ಮೇಲೆ ಇಟ್ಟಳು. ಆಮೇಲೆ ಅವಳು ಮಾಡಿದ್ದನ್ನು ಪ್ರಪಂಚದಲ್ಲಿ ಅವಳೊಬ್ಬಳೇ ಮಾಡಬಲ್ಲಳು. ಡ್ರಾಯರಿನಿಂದ ಬಿಳಿ ಹಾಳೆ ತೆಗೆದು ಅರ್ಜಿ ಬರೆದಳು. ಮನೆ ಬಿಟ್ಟು ಓಡುವಾಗಲೂ ಅವಳು ಕೈಬಿಡದ ಆ ಅರ್ಜಿಯ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. 'ವಿಷಯ: ಪಂಪಿನ ವಾಲ್ವಿಗೆ ಹಾಕಿರುವ ಮುದ್ರೆಯನ್ನು ತೆಗೆಯಲು ಅನುಮತಿ ಕೋರಿ. ಮನೆಯ ಹಿಂಭಾಗದ ಗುಡ್ಡದಿಂದ ಬೆಂಕಿ ಇಳಿಯುತ್ತಿರುವುದರಿಂದ, ತಮ್ಮ ಅನುಮತಿ ಕೈಸೇರುವ ಮೊದಲೇ ಸದರಿ ಮುದ್ರೆಯನ್ನು ತೆಗೆಯಬೇಕಾಗಿ ಬಂದಿದೆ. ಇದನ್ನು ಅವಿಧೇಯತೆ ಎಂದು ಭಾವಿಸಬಾರದಾಗಿ ವಿನಂತಿ.' ಕೆಳಗೆ ಸಹಿ, ದಿನಾಂಕ. ಸಮಯ, ಮಧ್ಯಾಹ್ನ ಒಂದು ಐವತ್ತೆರಡು. ಅಕ್ಷರ ಒಂದೂ ನಡುಗಿಲ್ಲ.

ಸಹಿ ಹಾಕಿದ ಮೇಲೆ ಭಾವನಿಗೆ 'ಈಗ ಒಡೀರಿ' ಎಂದಳು. ಅಷ್ಟರಲ್ಲಿ ಬೇಲಿ ಹತ್ತಿಕೊಂಡಿತ್ತು. ಮನೆಯಲ್ಲಿದ್ದದ್ದು ಗಡಿಯಾರದ ಇಕ್ಕಳ. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯುವಂಥದ್ದು. ಎರಡು ಸುತ್ತು ಜಾಸ್ತಿ ಹಾಕಿ ಬಿಗಿದ ತಂತಿಗೆ ಅದನ್ನು ತಾಗಿಸಿದ ಕೂಡಲೇ ಮೂತಿ ಮುರಿಯಿತು. ಭಾವ ಎರಡೂ ಕೈಯಿಂದ ವಾಲ್ವಿನ ಚಕ್ರ ಹಿಡಿದು ತಿರುಗಿಸಲು ನೋಡಿದರು. ಬಿಸಿಲಿಗೆ, ಪಂಪಿನ ಕಾವಿಗೆ, ಬೆಂಕಿಯ ಝಳಕ್ಕೆ ಕಬ್ಬಿಣ ಕಾದು ಹೋಗಿತ್ತು. ಅವರು ಬಿಡಲಿಲ್ಲ. ಅಕ್ಕ ಆಗ ನನಗೆ ಫೋನ್ ಮಾಡಿದಳು, 'ತಂತಿ ಬಿಚ್ಚೋದು ಹೇಗೋ?' ಎಂದು ಕೇಳಿದಳು. 'ತಂತಿ ಬಿಡು, ಪೈಪ್ ಒಡಿ, ಕೊಡಲಿ ತಗೊಂಡು ಪೈಪ್ ಒಡಿ' ಎನ್ನುತ್ತಿದ್ದೆ, ಲೈನ್ ಸತ್ತಿತು. ಟವರ್ ಸುಟ್ಟಿತ್ತು. ಭಾವನನ್ನು ಅಂಗಿ ಹಿಡಿದು ಎಳೆದುಕೊಂಡು ಹೋಗಿ ಕಾರಿಗೆ ಹಾಕಿಕೊಂಡು ಅವಳೇ ಓಡಿಸಿದಳು. ಹಿಂದೆ ಪಂಪು ಗುಡುಗುವುದು ತಿರುವಿನವರೆಗೂ ಕೇಳಿಸುತ್ತಿತ್ತಂತೆ.

ಮಾರನೆಯ ದಿನ ನಾನು ಹೋಗಿ ನೋಡಿದೆ. ಎರಡು ಗೋಡೆ ಮಾತ್ರ ನಿಂತಿದ್ದವು. ತೊಟ್ಟಿಯಲ್ಲಿ ಕೈ ಅದ್ದಿದೆ, ನೀರು ಬೆಚ್ಚಗಿತ್ತು, ಕಂಠಮಟ್ಟ ತುಂಬಿತ್ತು. ನನಗೆ ಅಳು ಬರಲಿಲ್ಲ. ಹೇಸಿಗೆಯಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಹಿರಿಯರು ಮೂರ್ಖರನ್ನು ಹಂಗಿಸಿದರು. ಬಾವಿ ಮೊದಲೇ ತೋಡಿದ್ದವರ ಬಾವಿಗೆ ಮುಚ್ಚಳ ಜಡಿದು ಮೊಹರು ಒತ್ತುವವರಿಗೆ ಏನೆನ್ನಬೇಕೆಂದು ಅವರು ಹೇಳಿಹೋಗಿಲ್ಲ.

ಇನ್ನು ನಿಮ್ಮ ಮಾನ್ಯ ಯಂತ್ರದ ಮಾತು. ಅದು ಎದುರುಮನೆಯ ದಂತವೈದ್ಯೆಯ ಛಾವಣಿಯ ಮೇಲಿತ್ತು, ಊರಿನಲ್ಲೇ ಮೊದಲನೆಯದು. ತುಂಬಾ ಬುದ್ಧಿವಂತ ಯಂತ್ರ: ಬಿಸಿ ಕಂಡರೆ ಕೂಡಲೇ ನಿಮ್ಮ ನಿಯಂತ್ರಣ ಕೊಠಡಿಗೆ ಸಂದೇಶ ಕಳಿಸಿ, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ನೀರು ಬಿಡುತ್ತದೆ. ಒಣಹಾಕಿದ್ದ ಬಟ್ಟೆಯ ಮೇಲೆ ಒಂದು ಸಲ ಯಾರನ್ನೂ ಕೇಳದೆ ನೀರು ಬಿಟ್ಟಿತ್ತು, ಅದು ಬೇರೆ ಕಥೆ. ಬೆಂಕಿಯ ದಿನ ಅದು ಸಂದೇಶ ಕಳಿಸಿತು. ಒಪ್ಪಿಗೆ ಬರುವ ಮೊದಲೇ ಟವರ್ ಸುಟ್ಟಿತು. ವೈದ್ಯೆ ಪಟ್ಟಣದ ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕೀಳುತ್ತಿದ್ದಾಗ ಅವರ ಫೋನಿನಲ್ಲಿ ಕೊನೆಯದಾಗಿ ಬಂದಿದ್ದ ಸಾಲು, 'ಒಪ್ಪಿಗೆಗಾಗಿ ಕಾಯಲಾಗುತ್ತಿದೆ.' ಒಂದೇ ಬೀದಿಯ ಈ ಬದಿಯಲ್ಲಿ ನನ್ನ ಅಕ್ಕ, ಆ ಬದಿಯಲ್ಲಿ ನಿಮ್ಮ ಯಂತ್ರ, ಇಬ್ಬರೂ ನಿಮ್ಮ ಅಪ್ಪಣೆಗೆ ಕಾದರು. ಆ ಮನೆಯೂ ಹೋಯಿತು. ಆ ಯಂತ್ರದ ವಿಷಯದಲ್ಲಿ ನಿಮ್ಮ ವರದಿ 'ತಾಂತ್ರಿಕ ಮಿತಿ' ಎನ್ನುತ್ತದೆ. ಯಂತ್ರ ಕಾದರೆ ತಾಂತ್ರಿಕ ಮಿತಿ, ಮನುಷ್ಯರು ಕಾದರೆ ನಿರ್ಲಕ್ಷ್ಯ. ಈ ವಾಕ್ಯ ಬರೆದ ಕೈಗೆ ನಾಚಿಕೆಯಾಗಲಿಲ್ಲವೇ? ಮುದ್ರೆ ಒತ್ತುವಾಗ ನಾನು ಕಟ್ಟಿದ್ದು ವ್ಯವಸ್ಥೆಯೇ ಅಲ್ಲ, ಅಮಾನ್ಯ ಕಬ್ಬಿಣದ ರಾಶಿ. ಬೆಂಕಿ ಆರಿದ ಮೇಲೆ ಅದೇ ಕಬ್ಬಿಣ 'ಮನೆಯವರಲ್ಲಿದ್ದ ವ್ಯವಸ್ಥೆ'. ಮನೆ ಸುಟ್ಟ ಮೇಲಾದರೂ ಮಾನ್ಯತೆ ಸಿಕ್ಕಿತಲ್ಲ ಎಂದು ನಾನು ಹಲ್ಲು ಕಿರಿಯಬೇಕೇ? ಮುದ್ರೆಯ ವಿಷಯ ನಲವತ್ತು ಪುಟಗಳ ವರದಿಯಲ್ಲಿ ಎಲ್ಲಿದೆ? ಮೂರು ಸಲ ಹುಡುಕಿದೆ. ಇಲ್ಲ. ಫೋಟೋ ಮಾತ್ರ ನಿಮ್ಮ ಟ್ಯಾಬ್ಲೆಟ್ಟಿನಲ್ಲಿ ಇದ್ದೇ ಇರಬೇಕು, ಯಾಕೆಂದರೆ ಮುಂದಿನ ಮನೆಯ ಫಾರಂ ತೆರೆದುಕೊಂಡಿತ್ತು.

ಎರಡನೆಯ ಪತ್ರವನ್ನು ನಿಮ್ಮ ಕಚೇರಿಗೆ ಖುದ್ದಾಗಿ ತಂದುಕೊಟ್ಟೆ. ನೀವು ಸಭೆಯಲ್ಲಿದ್ದಿರಿ. ಹೊರಗೆ ಕಾದೆ. ಸುಡುಬಿಸಿಲಿನ ಹನ್ನೆರಡು ಗಂಟೆಗೆ ಟಕ್ ಎಂದು ಸದ್ದಾಯಿತು, ನಿಮ್ಮ ಕಚೇರಿಯ ಮುಂದಿನ ಹುಲ್ಲುಹಾಸಿನ ತುಂಬ ಸ್ಪ್ರಿಂಕ್ಲರ್‌ಗಳು ಎದ್ದು ನಿಂತು ನೀರು ಚಿಮ್ಮಿಸಿದವು. ತಾವಾಗಿ, ಯಾರನ್ನೂ ಕೇಳದೆ. ತೋಟದವರನ್ನು ಕರೆದು ಕೇಳಿದೆ, 'ಇದಕ್ಕೆ ಮಾನ್ಯತೆ ಇದೆಯಾ?'

'ಇದಕ್ಯಾಕೆ ಸ್ವಾಮಿ ಮಾನ್ಯತೆ? ಇದು ಬರೀ ಹುಲ್ಲಿಗೆ' ಎಂದರು ಆ ಪುಣ್ಯಾತ್ಮ.

ನನ್ನ ಹೇಸಿಗೆ ಎಲ್ಲವೂ ನಿಮ್ಮ ಪಾಲಿಗೇ ಎಂದು ತಿಳಿಯಬೇಡಿ. ನನಗೂ ಒಂದಿಷ್ಟು ಇಟ್ಟುಕೊಂಡಿದ್ದೇನೆ. ಆ ಏಳು ವಾರಗಳಲ್ಲಿ ಯಾವ ದಿನ ಬೇಕಾದರೂ, ಅಕ್ಕ ಮಾರುಕಟ್ಟೆಗೆ ಹೋದ ಹೊತ್ತಿನಲ್ಲಿ, ನಾನು ಆ ವಾಲ್ವಿನ ಪಕ್ಕದಿಂದ ಇನ್ನೊಂದು ಪೈಪು ಹಾಯಿಸಬಹುದಿತ್ತು. ಮುದ್ರೆಗೆ ಉಗುರೂ ತಾಗುತ್ತಿರಲಿಲ್ಲ. ಒಂದು ಗಂಟೆಯ ಕೆಲಸ. ಅದು ನನಗೆ ಎರಡನೆಯ ದಿನವೇ ಹೊಳೆದಿತ್ತು. ಆದರೆ ನನ್ನ ಪ್ಲಂಬಿಂಗ್ ಲೈಸೆನ್ಸನ್ನು ಪ್ರತಿ ವರ್ಷ ನವೀಕರಿಸುವುದು ನಿಮ್ಮ ಪಕ್ಕದ ಕೋಣೆ. ಹೆದರಿದೆ. ಅಕ್ಕ ನಂಬಿ ಸುಮ್ಮನಿದ್ದಳು, ನಾನು ಹೆದರಿ ಸುಮ್ಮನಿದ್ದೆ. ನಿರ್ಲಕ್ಷ್ಯ ಎಂದು ಯಾರದಾದರೂ ಹೆಸರಿನ ಮುಂದೆ ಬರೆಯಲೇಬೇಕೆಂದಿದ್ದರೆ ನನ್ನ ಹೆಸರಿನ ಮುಂದೆ ಬರೆಯಿರಿ, ಅದು ನಿಮ್ಮ ಹೆಸರಿನ ಕೆಳಗಿರಲಿ.

ಈಗ ಅವರಿಬ್ಬರೂ ನನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಲು ನಿಮ್ಮ ಅನುಮತಿ ಬೇಕು. ಅನುಮತಿಯ ಫಾರಮ್ಮಿನ ಕೊನೆಯಲ್ಲಿ 'ತನಿಖಾ ವರದಿಯ ಅಂಶಗಳನ್ನು ಪೂರ್ಣವಾಗಿ ಒಪ್ಪಿಕೊಂಡಿದ್ದೇವೆ' ಎಂಬ ಸಾಲಿದೆ. ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಈ ತಿಂಗಳ ಕೊನೆ ದಾಟಿದರೆ ಆ ಜಾಗದಲ್ಲಿ ಕಟ್ಟುವ ಹಕ್ಕೇ ಹೋಗುತ್ತದೆ. ಅಕ್ಕ ಸಹಿ ಹಾಕಲು ಸಿದ್ಧಳಿದ್ದಾಳೆ. ಅದೇ ನನ್ನನ್ನು ಸುಡುತ್ತಿರುವುದು. 'ಅರ್ಜಿ ಬರೆಯೋಕೆ ಸುಮಾರು ಹೊತ್ತು ತಗೊಂಡೆ ಕಣೋ. ಅದನ್ನೇ ನಿರ್ಲಕ್ಷ್ಯ ಅನ್ನೋದು. ಅವರು ಬರೆದಿರೋದು ಸರಿಯಾಗೇ ಇದೆ' ಎನ್ನುತ್ತಾಳೆ. ಭಾವ ಒಪ್ಪುವುದಿಲ್ಲ. 'ನೀನು ಅದಕ್ಕೆ ಸೈನ್ ಹಾಕಿದ್ರೆ ಆ ಮನೆಗೆ ನಾನು ಕಾಲಿಡಲ್ಲ' ಎಂದು ಮುಖ ತಿರುಗಿಸಿ ಕೂರುತ್ತಾರೆ. ಮೂವತ್ತಾರು ವರ್ಷದಲ್ಲಿ ಇವರು ಜಗಳವಾಡಿದ್ದನ್ನು ನಾನು ಕಂಡವನಲ್ಲ. ಅಂದ ಹಾಗೆ, ಭಾವನಿಗೆ ಪೆನ್ನು ಹಿಡಿಯಲಾಗುವುದಿಲ್ಲ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿ ತಿಳಿಸಿದೆ. 'ತೊಂದರೆ ಇಲ್ಲ, ಹೆಬ್ಬೆಟ್ಟು ಒತ್ತಿಸಿ' ಎಂದರು. ಒತ್ತಿಸಿ ನೋಡಿದೆ ಸ್ವಾಮಿ. ಗೆರೆಯೇ ಬರುವುದಿಲ್ಲ. ಚರ್ಮ ನುಣ್ಣಗಾಗಿದೆ. ಗಡಿಯಾರದ ಮುಳ್ಳು ಹಿಡಿಯುತ್ತಿದ್ದ ಬೆರಳುಗಳು ಅವು.

ಆದ್ದರಿಂದ ನನ್ನ ಬೇಡಿಕೆ. ಪರಿಹಾರ ಕೇಳುತ್ತಿಲ್ಲ, ಕ್ಷಮಾಪಣೆಯ ಸಮಾರಂಭ ಬೇಡ, ಪರಿವೀಕ್ಷಕರನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳುವುದು ಖಂಡಿತಾ ಬೇಡ. ತಿಂಗಳು ಮುಗಿಯುವ ಮೊದಲು ಏಳನೆಯ ಪುಟದ ಆ ಸಾಲನ್ನು ತೆಗೆಯಿರಿ. ಅದರ ಜಾಗದಲ್ಲಿ, ವಾಲ್ವಿಗೆ ಈ ಕಚೇರಿಯ ಮುದ್ರೆ ಇತ್ತು, ಅದನ್ನು ತೆಗೆಯಲು ಮನೆಯವರು ಈ ಕಚೇರಿಯ ಅನುಮತಿ ಕೇಳಿದ್ದರು, ಈ ಕಚೇರಿ ಕೊಡಲಿಲ್ಲ ಎಂದು ಬರೆಯಿರಿ. ಅದನ್ನು ನನಗೆ ಕಳಿಸಬೇಡಿ, ಅಕ್ಕನ ಹೆಸರಿಗೆ ಕಳಿಸಿ. ಕೆಳಗೆ ನಿಮ್ಮ ಸಹಿ ಇರಲಿ, ಮೊಹರಿರಲಿ, ದಿನಾಂಕವಿರಲಿ. ಮೊಹರಿಲ್ಲದ ಮಾತು ಅವಳ ತಲೆಗೆ ಹೋಗುವುದಿಲ್ಲ. 'ನಿನ್ನ ತಪ್ಪಿಲ್ಲ ಅಕ್ಕಾ' ಎಂದು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವಳು ನಿಮ್ಮ ವರದಿಯನ್ನು ನನ್ನ ಕಡೆ ಸರಿಸಿ, ಪ್ರತಿ ಸಲವೂ ಒಂದೇ ಮಾತು ಕೇಳುತ್ತಾಳೆ: 'ಎಲ್ಲಿ ಬರ್ದಿದೆ, ತೋರ್ಸು.'

ಇಂತಿ,
ನಿಮ್ಮ ಕಡತಗಳಲ್ಲಿ 'ಅನಧಿಕೃತ ವ್ಯಕ್ತಿ' ಎಂದು ದಾಖಲಾಗಿರುವ,
ತೋರಿಸಲು ಕೈಯಲ್ಲಿ ಕಾಗದವಿಲ್ಲದ,
ಅವಳ ತಮ್ಮ